ಹಿಟ್ಟಿನ ಬಂಡಿ

ಶಶಿಕಲಾ ರೊಟ್ಟಿಯ ಹಂಚು ತಿಕ್ಕುತ್ತಿದ್ದಳು. ಕಲ್ಲಿಗೆ ತಾಗಿ ಸದ್ದಾಗದಿರಲಿ ಎಂದು ಹಂಚಿನ ಕೆಳಗೆ ಗೋಣಿಚೀಲ ಮಡಚಿ ಹಾಕಿದ್ದಳು. ನಾರನ್ನು ಬೆರಳುಗಳಲ್ಲಿ ಹಿಡಿಯಲು ಬರುತ್ತಿರಲಿಲ್ಲ. ಹಳೆಯ ಲಂಗದ ತುಂಡೊಂದನ್ನು ಬೂದಿಯಲ್ಲಿ ಅದ್ದಿ, ಅಂಗೈಯ ಬುಡದಿಂದ ಒತ್ತಿ, ಕೈಯ ಬದಲು ಇಡೀ ತೋಳನ್ನೇ ತಿರುಗಿಸುತ್ತಿದ್ದಳು. ಬಹಳ ದಿನ ಮೊಳೆಗೆ ನೇತುಬಿದ್ದಿದ್ದ ಹಂಚಿಗೆ ತುಕ್ಕು ಹಿಡಿದಿತ್ತು. ಬೂದಿಯ ನೀರು ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗಿ ಹಿತ್ತಲ ಮೋರಿಗೆ ಹರಿಯಿತು. ಒಳಗೆ ಅತ್ತಿಗೆ ದಾನೇಶ್ವರಿ ಡಬ್ಬಿ ಕಟ್ಟುತ್ತಿದ್ದಳು. ಹೊರಗೆ ಅಣ್ಣ ಆನಂದ ಕಚೇರಿಗೆ ಹೊರಡುವ ಮೊದಲು ಮೋಟರ್ ಸೈಕಲ್ಲಿನ ಸೀಟು ಒರೆಸುತ್ತಿದ್ದ. ಅವರಿಬ್ಬರ ಕಣ್ಣಿಗೆ ಬೀಳುವ ಮೊದಲೇ ಹಂಚು ಒಣಗಿ, ತನ್ನ ಮೊಳೆಗೆ ಮರಳಿ, ಏನೂ ಆಗದಂತೆ ನೇತಾಡಬೇಕಾಗಿತ್ತು. ಕದ್ದು ಮಾಡುವ ಕೆಲಸವೇನಲ್ಲ ಇದು. ಆದರೂ ಅವಳ ಎದೆ ಕಳ್ಳತನಕ್ಕೆ ಬಂದವರ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಇವತ್ತು ಓಣಿಗೆ ಹಿಟ್ಟಿನ ಬಂಡಿ ಬರುವ ದಿನ.

ಬಾಬಾಸಾಹೇಬರ ಜಯಂತಿ ಹತ್ತಿರ ಬಂದಾಗ ಹಿಟ್ಟಿನ ಬಂಡಿ ಬರುವುದು ರಾಯಚೂರಿನ ಈ ಓಣಿಯಲ್ಲಿ ಅವಳು ಹುಟ್ಟುವ ಮೊದಲಿನಿಂದಲೂ ಇದ್ದದ್ದು. ಜಯಂತಿಯ ದಿನ ಮೆರವಣಿಗೆ ಮುಗಿದ ಮೇಲೆ ಬುದ್ಧ ವಿಹಾರದ ಮುಂದೆ ನೀಲಿ ಪರದೆ ಕಟ್ಟಿ, ಸಾಲಾಗಿ ಕೂತು ಎಲ್ಲರ ಊಟ. ಅಷ್ಟು ಜನಕ್ಕೆ ಬೇಕಾಗುವ ರೊಟ್ಟಿ ಒಂದು ಮನೆಯಿಂದ ಆಗುವಂಥದ್ದಲ್ಲ. ಗಿರಣಿಯಲ್ಲಿ ಬೀಸಿದ ಜೋಳದ ಹಿಟ್ಟನ್ನು ತಳ್ಳುಬಂಡಿಯ ಮೇಲೆ ಡ್ರಮ್ಮಿನಲ್ಲಿ ತಂದು, ಮನೆಮನೆಯ ಮುಂದೆ ನಿಲ್ಲಿಸಿ, ಸೇರಿನಿಂದ ಅಳೆದು ಹಾಕುತ್ತಾರೆ. ಮನೆಯವರು ರೊಟ್ಟಿ ಬಡಿದು, ಖಡಕ್ಕಾಗುವಂತೆ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ವಿಹಾರಕ್ಕೆ ಮುಟ್ಟಿಸುತ್ತಾರೆ. ಯಾರ ಗಂಟಿಗೂ ಗುರುತು ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಹಿಟ್ಟು ಅಳೆದು ಹಾಕುವ ಅನ್ನಮ್ಮನ ರೊಟ್ಟಿಯ ಅಂಚು ಎಲ್ಲೂ ಸೀಳುವುದಿಲ್ಲ. ಮೂಲೆಮನೆಯ ಮುನವ್ವರ್ ಬೀ ಬಡಿದವು ಸಣ್ಣವು, ನಡುವೆ ಕಪ್ಪಗೆ ಸುಟ್ಟವು. ಶಶಿಕಲಾಳ ಅವ್ವ ಮೂಕಮ್ಮನ ರೊಟ್ಟಿ ಎಷ್ಟು ತೆಳ್ಳಗೆಂದರೆ ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳು ಕಾಣುತ್ತಿತ್ತು. ಚಿಕ್ಕವಳಿದ್ದಾಗ ಶಶಿಕಲಾ ಹಾಗೆ ಹಿಡಿದು ನೋಡಿದ್ದಳು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಅವ್ವನ ಜೊತೆ ಮೆಣಸಿನಕಾಯಿ ಬಿಡಿಸಲು ಹೋಗುವ ಹೊತ್ತಿಗೆ ಅವಳ ಕೈಗೂ ಆ ತೆಳು ಬಂದಿತ್ತು. ಶಶಿಕಲಾಗೆ ಜನರೆದುರು ಮಾತು ಬರುತ್ತಿರಲಿಲ್ಲ, ಹಾಡು ಬರುತ್ತಿರಲಿಲ್ಲ, ನಾಲ್ಕು ಜನರ ನಡುವೆ ನಿಂತರೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಗೋಡೆ ಹುಡುಕುತ್ತಿದ್ದಳು. ಪಂಕ್ತಿಯಲ್ಲಿ ಯಾರೋ ರೊಟ್ಟಿ ಎತ್ತಿ, 'ಇದು ಮೂಕಮ್ಮನ ಮನಿದು' ಅಂದರೆ ಮಾತ್ರ ಆ ಗೋಡೆಯ ಹತ್ತಿರದಿಂದ ಒಂದು ಹೆಜ್ಜೆ ಮುಂದೆ ಬರುತ್ತಿದ್ದಳು.

ಹೋದ ವರ್ಷವೂ ಅವರ ಮನೆಗೆ ಹಿಟ್ಟು ಬಿದ್ದಿತ್ತು. ಅವ್ವ ಸತ್ತವರು ಯಾರದೋ ಮಣ್ಣಿಗೆ ದೇವದುರ್ಗಕ್ಕೆ ಹೋಗಿದ್ದಳು. ಅತ್ತಿಗೆಗೆ ಅಂಗನವಾಡಿಯ ಮೀಟಿಂಗ್. ಶಶಿಕಲಾ ಆಗ ಗಂಡನ ಮನೆಯಿಂದ ಬಂದು ಬಹಳ ದಿನವಾಗಿರಲಿಲ್ಲ. ಕೈಗೆ ಏನೋ ವಾತ ಹಿಡಿದಿದೆ ಎಂದಷ್ಟೇ ಓಣಿಗೆ ಗೊತ್ತಿತ್ತು. ಬಿಸಿ ನೀರು ಹಾಕಿ ನಾದಿದಳು. ನಾಲ್ಕು ರೊಟ್ಟಿ ಆಗುವಷ್ಟರಲ್ಲಿ ಬೆರಳ ಗೆಣ್ಣುಗಳು ಕುದಿಸಿದ ಶೇಂಗಾದಂತೆ ಉಬ್ಬಿ, ಅಂಗೈ ಚಪ್ಪಟೆಯಾಗಿ ಬೀಳದೆ ಹೋಯಿತು. ಹಿಟ್ಟು ಇನ್ನೂ ನಾದುವ ಅಗಲ ಪರಾತದ ತುಂಬ ಇತ್ತು. ಅಲ್ಲಿಗೆ ಬಿಟ್ಟು ಮುನವ್ವರ್ ಬೀಯನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಕರೆಯುವುದಕ್ಕೆ ಬಾಯಿ ಬೇಕು. ಮುಷ್ಟಿ ಕಟ್ಟಿ ಹಿಟ್ಟನ್ನು ಒತ್ತಿ, ಒತ್ತಿ, ದಪ್ಪಗೆ, ಓರೆಯಾಗಿ, ಹೇಗೋ ಮುಗಿಸಿದಳು. ಪಂಕ್ತಿಯಲ್ಲಿ ಬಡಿಸುತ್ತಿದ್ದ ತಾಯಣ್ಣ ಒಂದನ್ನು ಎತ್ತಿ ಹಿಡಿದು, 'ಲೇ, ಇದರ ಮ್ಯಾಲ ಯಾರದೋ ಮುಷ್ಟಿ ಮೂಡ್ಯಾದ, ರೊಟ್ಟಿ ಬಡದಾರೋ, ಗಂಡಗ ಬಡದಾರೋ' ಅಂದ. ಸಾಲು ಸಾಲೇ ನಕ್ಕಿತು. ತಾಯಣ್ಣನಿಗೆ ಅದು ಯಾರ ಮನೆಯದೆಂದು ಗೊತ್ತಿರಲಿಲ್ಲ. ಅವನು ಕೆಟ್ಟವನೂ ಅಲ್ಲ, ಯಾರದೇ ಹೆಣಕ್ಕೂ ಮೊದಲು ಹೆಗಲು ಕೊಡುವವನು. ನಗದೆ ಇದ್ದ ಹೆಂಗಸರಿಗೆ ಗೊತ್ತಿತ್ತು. ಅವರು ನಗದೇ ಇದ್ದದ್ದನ್ನು ಅವಳು ಗೋಡೆಯ ಹತ್ತಿರ ನಿಂತು ನೋಡಿದಳು. ಮರುದಿನ ಬೆಳಿಗ್ಗೆ ವಿಹಾರದ ಹಿಂದಿನ ಮನೆಯ ಎಮ್ಮೆಯ ಬಾನಿಯಲ್ಲಿ ಆ ರೊಟ್ಟಿಗಳು ನೆನೆಯುತ್ತಿದ್ದವು. ನೀರಲ್ಲಿ ಉಬ್ಬಿದ್ದವು. ಗೆಣ್ಣಿನ ಗುಳಿಗಳು ಮಾತ್ರ ಹಾಗೆಯೇ ಇದ್ದವು, ಒಂದೊಂದರಲ್ಲೂ ನೀರು ತುಂಬಿಕೊಂಡು.

"ಶಶಿ," ಎಂದು ದಾನೇಶ್ವರಿ ಹಿತ್ತಲ ಬಾಗಿಲಿಗೆ ಬಂದಳು. ಶಶಿಕಲಾ ಗೋಣಿಚೀಲವನ್ನು ಹಂಚಿನ ಮೇಲೆ ಎಳೆದಳು. "ಅನ್ನ ಮುಚ್ಚಿಟ್ಟೀನಿ, ರೊಟ್ಟಿ ಅಂಗಡಿದು ಡಬ್ಬಿ ಒಳಗದ. ಅವ್ವಗ ಹತ್ತು ಗಂಟಿಗೆ ಕಣ್ಣಿಗೆ ಹನಿ ಹಾಕಬೇಕು. ನಿನ್ನ ಕೈಲೆ ಬಾಟ್ಲಿ ಒತ್ತಾಕ ಆಗಲಿಲ್ಲಂದ್ರ ಮುನವ್ವರ್ ಬೀಗ ಒಂದು ಕೂಗು ಹಾಕು."

"ಆಗ್ತದ."

"ನಿನ್ನಿ ಹನಿ ಗಲ್ಲಕ್ಕ ಬಿತ್ತಂತ. ಇರಲಿ, ಬಯ್ಯಾಕತ್ತಿಲ್ಲ ನಾನು." ದಾನೇಶ್ವರಿ ಕೈಗಡಿಯಾರ ನೋಡಿಕೊಂಡಳು. ಆಮೇಲೆ ಧ್ವನಿಯನ್ನು ಮೆತ್ತಗೆ ಮಾಡಿದಳು. ಅಂಗನವಾಡಿಯಲ್ಲಿ ಅಳುವ ಮಕ್ಕಳಿಗೆ ಮಾಡುವ ಧ್ವನಿ. "ಮತ್ತ ಇವತ್ತ ಹಿಟ್ಟಿನ ಬಂಡಿ ಬರ್ತದಲ್ಲ, ನೀ ಏನೂ ತಲಿ ಕೆಡಿಸ್ಕೊಬ್ಯಾಡ. ಅನ್ನಮ್ಮಕ್ಕಗ ಮೊದಲ ಹೇಳೀನಿ. ಅವ್ವಂದು ಕಣ್ಣು ಆಪರೇಷನ್ ಆಗ್ಯಾದ, ಒಲಿ ಮುಂದ ಕೂಡೂ ಹಂಗಿಲ್ಲ, ನಾನೂ ಮನ್ಯಾಗ ಇರೋದಿಲ್ಲ. ಈ ಸಲ ನಮ್ಮ ಮನಿದು ಹಿಟ್ಟಿನ ಬದಲಿ ಸಕ್ರಿ ಅಂತ ಹೇಳಿಬಿಟ್ಟೀನಿ. ನಿಮ್ಮಣ್ಣ ನಿನ್ನೆ ಸಂಜಿಗೇ ಚೀಲ ಮುಟ್ಟಿಸ್ಯಾನ. ಪಾಯಸ ನಮ್ಮ ಸಕ್ರಿದೇ."

"ಹೂಂ," ಅಂದಳು ಶಶಿಕಲಾ.

"ಬಂಡಿ ನಿಲ್ಲೋದಿಲ್ಲ. ನೀ ಆರಾಮ ಮಕ್ಕೊ."

ಮೋಟರ್ ಸೈಕಲ್ ಹೋದ ಮೇಲೂ ಆ 'ಹೂಂ' ಅವಳ ಬಾಯಲ್ಲಿ ಉಳಿದಿತ್ತು, ಕೀಲಿಗೆಂದು ರವಿವಾರ ನುಂಗುವ ಮಾತ್ರೆಯ ಕಹಿಯಂತೆ. ಅತ್ತಿಗೆ ಒಳ್ಳೆಯವಳು. ಅವಳ ಒಳ್ಳೆಯತನದಲ್ಲಿ ತಪ್ಪು ಹುಡುಕಲು ಶಶಿಕಲಾ ಬಹಳ ಸಲ ಪ್ರಯತ್ನಿಸಿದ್ದಳು, ಸಿಕ್ಕಿರಲಿಲ್ಲ. ತಲೆ ಬಾಚುವವಳು ಅವಳು, ಸರ್ಕಾರಿ ದವಾಖಾನೆಯ ಸಾಲಿನಲ್ಲಿ ನಿಲ್ಲುವವಳು ಅವಳು. ಸಿಟ್ಟು ಮಾಡಿಕೊಳ್ಳಲು ಒಬ್ಬರು ಬೇಕಾಗಿದ್ದಾಗ ಎದುರಿಗೆ ಒಳ್ಳೆಯವರೇ ನಿಂತಿರುವುದು, ಸಕ್ಕರೆಯ ಚೀಲ ಹಿಡಿದು. ಮನೆಯಲ್ಲಿ ಮಾಡುವವರು ಯಾರೂ ಇಲ್ಲ ಎಂದು ಅತ್ತಿಗೆ ಹೇಳಿರಬೇಕು. ಅವ್ವನ ಕಣ್ಣು, ತನ್ನ ಕೆಲಸ, ಇಷ್ಟನ್ನು ಹೇಳಿ ನಿಲ್ಲಿಸಿರಬೇಕು. ಮೂರನೆಯವಳ ಹೆಸರು ತೆಗೆಯದಿರುವಷ್ಟು ಜಾಣೆ. ಅನ್ನಮ್ಮನೂ ಕೇಳಿರಲಿಕ್ಕಿಲ್ಲ. ಇಬ್ಬರೂ ಒಂದು ಕ್ಷಣ ಸುಮ್ಮನೆ ನಿಂತಿರಬೇಕು. ಆ ಕ್ಷಣದಲ್ಲಿ ತಾನು ಆ ಇಬ್ಬರ ನಡುವೆ ಇದ್ದೆ ಅನ್ನಿಸಿ ಅವಳಿಗೆ ಮೈ ಬಿಸಿಯಾಯಿತು.

ಗೋಡೆಯ ಮೇಲಿನ ಬಿಸಿಲನ್ನು ನೋಡಿದಳು. ಅದು ಅವಳ ಗಡಿಯಾರ. ಬೆಳಿಗ್ಗೆ ಕಿಟಕಿಯಿಂದ ಬರುವ ಬಿಸಿಲು ಮೊದಲು ಬುದ್ಧನ ಪಟದ ಗಾಜಿಗೆ ಬಿದ್ದು, ಅಲ್ಲಿಂದ ಇಳಿದು, ಸುತ್ತಿಟ್ಟ ಹಾಸಿಗೆಯ ಮೇಲೆ ಬಂದು ನಿಲ್ಲುತ್ತದೆ. ಹೋದ ಚಳಿಗಾಲದಲ್ಲಿ ಬಿಸಿಲು ಹಾಸಿಗೆಗೆ ಬಂದು, ನೆಲಕ್ಕಿಳಿದರೂ ಅವಳ ಬೆರಳು ಬಿಚ್ಚುತ್ತಿರಲಿಲ್ಲ. ಮುಚ್ಚಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಉಚ್ಚೆಗೆ ಹೋಗಲೂ ಅವ್ವನನ್ನು ಕಾಯುತ್ತ ಮಲಗಿರುತ್ತಿದ್ದಳು. ಈಗ ಬಿಸಿಲು ಇನ್ನೂ ಗಾಜಿನ ಮೇಲಿರುವಾಗಲೇ ಬೆರಳುಗಳು ಒಂದೊಂದಾಗಿ ಬಿಡುತ್ತವೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಳ್ಳೆಯ ದಿನಗಳೆಂದರೆ ಅವಳಿಗೆ ಭಯ. ಒಮ್ಮೆ ಅವ್ವ ದೇವದುರ್ಗದ ಕಡೆಯ ಒಬ್ಬನ ಹತ್ತಿರ ಕರೆದುಕೊಂಡು ಹೋಗಿ ಪುಡಿ ಕೊಡಿಸಿದ್ದಳು. ಬದನೆಕಾಯಿ ಬಿಡು, ಹುಳಿ ಬಿಡು ಎಂದು ಪಥ್ಯ ಹೇಳಿ ಕೊಟ್ಟ ಪುಡಿ. ವಾರದೊಳಗೆ ನೋವು ಒರೆಸಿದಂತೆ ಹೋಯಿತು. ಅವಳು ಬಿಂದಿಗೆ ಎತ್ತಿದಳು, ಓಣಿಯ ಕೊನೆಯತನಕ ಓಡಿದಳು. ಮುಖ ದುಂಡಗಾಯಿತು. 'ಈಗ ನೋಡ್ರಿ, ಹುಡುಗಿ ತುಂಬಿಕೊಂಡ್ಯಾಳ' ಅಂದರು ಓಣಿಯ ಹೆಂಗಸರು. ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಅವಳ ಕೈ ನೋಡುವ ಮೊದಲು ಮುಖ ನೋಡಿ, 'ಯಾರು ಕೊಟ್ಟಿದ್ದು ಪುಡಿ?' ಎಂದು ಕೇಳಿದ್ದಳು. ಅದರೊಳಗೆ ಬೆರೆಸಿದ್ದು ಯಾವ ಮಾತ್ರೆ, ಅದು ಮೂಳೆಗೆ ಏನು ಮಾಡುತ್ತದೆ ಎಂದು ವಿವರಿಸಿದ್ದಳು. 'ಮೈ ಕಾಯಬೇಕಾದದ್ದೇ ತಿರುಗಿ ನಿಂತು ಕೀಲಿಗೆ ಹೊಡಿಯಾಕತ್ತದಮ್ಮ. ಪೂರ್ತಿ ಹೋಗೋದಿಲ್ಲ. ವಾರಕ್ಕೊಂದು ಮಾತ್ರಿ ತಗೊಂಡ್ರ ಸುಮ್ಮನ ಕೂಡಿಸಬಹುದು.' ಪುಡಿ ಬಿಟ್ಟ ಮೇಲೆ ಬಂದ ನೋವು ಮೊದಲಿನ ನೋವಲ್ಲ. ಅಂದಿನಿಂದ, ನೋವಿಲ್ಲದ ಬೆಳಿಗ್ಗೆ ಎದ್ದರೆ ಇದು ಯಾರು ಬೆರೆಸಿದ್ದು ಎಂದು ಅವಳ ಮನಸ್ಸು ಹುಡುಕುತ್ತದೆ.

ಆದರೂ ಹತ್ತು ದಿನದ ಹಿಂದೆ ಮಧ್ಯಾಹ್ನ, ಅವ್ವ ಮಲಗಿದ್ದಾಗ, ಅವಳು ಒಂದು ಹಿಡಿ ಹಿಟ್ಟು ತೆಗೆದಿದ್ದಳು. ಹಂಚು ತೆಗೆಯಲು ಧೈರ್ಯವಾಗದೆ ಚಹಾ ಕುದಿಸುವ ಒಲೆಯ ಮೇಲೆ ಅಲ್ಯುಮಿನಿಯಂ ತಾಟು ಇಟ್ಟಿದ್ದಳು. ಬಿಸಿ ನೀರು ಹಾಕಿ, ಬೆರಳ ಬದಲು ಮುಂಗೈಯಿಂದ ನಾದಿ, ಅಂಗೈಯನ್ನು ಎತ್ತೆತ್ತಿ ಹಾಕದೆ ನಿಧಾನ ಒರಗಿಸಿ ಒರಗಿಸಿ ಬಡಿದಳು. ಮೊದಲನೆಯದು ಹರಿಯಿತು. ಎರಡನೆಯದು ಹರಿಯಿತು. ಮೂರನೆಯದು ತಿರುಗಿತು. ಕಲ್ಲಿನ ಮೇಲೆ, ಅವಳ ಅಂಗೈಯ ಕೆಳಗೆ, ತಾನಾಗಿ, ನೀರಿನ ಮೇಲೆ ಎಲೆ ತಿರುಗಿದಂತೆ ತಿರುಗಿತು. ಒಂದು ಅಂಗೈ ಅಗಲದ್ದು. ತಾಟಿನ ಮೇಲೆ ಹಾಕಿ ನೀರು ಸವರಿದಾಗ ನಡುವೆ ಉಬ್ಬಿತು. ತೋರಿಸಲು ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದಳು. ಹಿತ್ತಲ ಗೋಡೆಯ ಮೇಲೆ ಒಂದು ಕಾಗೆ ಇತ್ತು. ಬಿಸಿ ಇರುವಾಗಲೇ ಉಪ್ಪು ಕೂಡ ಹಚ್ಚದೆ ತಿಂದಳು. ಸುಟ್ಟ ನಾಲಿಗೆಯಿಂದ ತಿಂದಳು. ಆ ಸಂಜೆಯೇ ಬಲಗೈ ಮಣಿಕಟ್ಟು ಊದಿತು. ಯಾಕೆ ಊದಿತು ಎಂದು ಅತ್ತಿಗೆ ಕೇಳಿದಾಗ ನಿದ್ದೆಯಲ್ಲಿ ಕೈ ಮಗ್ಗುಲಡಿ ಸಿಕ್ಕಿತ್ತು ಎಂದು ಸುಳ್ಳು ಹೇಳಿದಳು.

ಹತ್ತಕ್ಕೆ ಅವ್ವನ ಕಣ್ಣಿಗೆ ಹನಿ. ಮೂಕಮ್ಮ ಕರಿ ಕನ್ನಡಕ ತೆಗೆದು, ಗೋಡೆಗೆ ಒರಗಿ, ಮುಖ ಮೇಲೆತ್ತಿ ಕುಳಿತಳು. ಶಶಿಕಲಾ ಸಣ್ಣ ಬಾಟ್ಲಿಯನ್ನು ಎರಡು ಅಂಗೈಗಳ ಬುಡದ ನಡುವೆ ಹಿಡಿದು, ಕೈ ಮುಗಿಯುವವರ ಹಾಗೆ, ಅವ್ವನ ಮುಖದ ಮೇಲೆ ಬಾಗಿದಳು. ಇದೇ ಕೈಗಳಿಗೆ ಚೀಕಲಪರ್ವಿಯಲ್ಲಿ ಗಂಡ ಅಮರೇಶ ಬೆಳಿಗ್ಗೆ ಬಳೆ ಏರಿಸಿ ಕೊಡುತ್ತಿದ್ದ, ಕುಪ್ಪಸದ ಗುಂಡಿ ಹಾಕಿ ಕೊಡುತ್ತಿದ್ದ. ಬಾಗಿಲು ಹಾಕಿಕೊಂಡು, ಇಬ್ಬರೂ ನಗುತ್ತ. ಮೊದಮೊದಲು ಅದೊಂದು ಆಟ. ಒಂದು ದಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಅತ್ತೆ ಅಂಗಳದಿಂದಲೇ, 'ಸೀರಿ ನೀನ ಉಟ್ಟಬಿಡೋ, ಆಕಿಗೆ ತ್ರಾಸು ಯಾಕ' ಅಂದಳು. ಹೊಳೆಯ ದಂಡೆಯಲ್ಲಿ ಅವನ ಗೆಳೆಯರಿಗೂ ಆ ಮಾತು ಮುಟ್ಟಿತು. ಆಮೇಲೆ ಅವನು ಗುಂಡಿ ಹಾಕುವಾಗ ನಗುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದ. ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿಗೆ ಹತ್ತಿಸಿ, ಕಿಟಕಿಯಿಂದ ಬಾಳೆಹಣ್ಣು ಕೊಟ್ಟು, 'ಆರಾಮಾದ ಮ್ಯಾಲ ಫೋನ್ ಮಾಡು, ಬರ್ತೀನಿ' ಅಂದ. ಬಾಳೆಹಣ್ಣಿನ ಸಿಪ್ಪೆ ಸುಲಿಯಲು ಅವಳಿಗೆ ಆಗಲಿಲ್ಲ. ಅದು ಅವನಿಗೆ ಗೊತ್ತಿತ್ತು. ಪಕ್ಕದಲ್ಲಿ ಕುಳಿತವಳನ್ನು ಕೇಳಲು ನಾಚಿಕೆಯಾಗಿ ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಊರು ಮುಟ್ಟಿದಳು. ಆರಾಮಾದ ಮೇಲೆ ಎಂಬ ಮಾತಿನ ಅಳತೆ ಏನು ಎಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅಂಗೈಗಳು ಬಾಟ್ಲಿಯನ್ನು ಒತ್ತಿದವು. ಹನಿ ತುದಿಯಲ್ಲಿ ಕೂಡಿ, ದಪ್ಪಗಾಗಿ, ನಡುಗಿ, ಬಿತ್ತು.

"ಬಿತ್ತು," ಅಂದಳು ಮೂಕಮ್ಮ, ಕಣ್ಣು ಮುಚ್ಚಿಕೊಂಡು. "ಕಣ್ಣಾಗ ಬಿತ್ತು."

ಅವ್ವ ಸೆರಗಿನಿಂದ ಗಲ್ಲ ಒರೆಸಿಕೊಂಡಳು. ಒರೆಸುವಂಥದ್ದು ಏನೂ ಇರಲಿಲ್ಲ.

"ಮುಂಜಾನಿ ಹಂಚು ತಿಕ್ಕಿದ್ಯಲ್ಲ?"

"ನಿನಗ್ಯಾರು ಹೇಳಿದ್ರು?"

"ಕಣ್ಣಿಗೆ ಕನ್ನಡಕ ಹಾಕ್ಯಾರ ಬೇ, ಮೂಗಿಗಿ ಹಾಕಿಲ್ಲ. ಬೂದಿ ವಾಸನಿ ಬರಾಕತ್ತದ ನಿನ್ನ ಕೈಗಿ." ಮೂಕಮ್ಮ ಕನ್ನಡಕ ಏರಿಸಿಕೊಂಡಳು. "ಬ್ಯಾಡ. ಹೋದ ವರ್ಷದ್ದು ಸಾಕು. ಸಕ್ರಿ ಕೊಟ್ಟಾರಲ್ಲ, ಮರ್ಯಾದಿ ಉಳೀತು."

"ಯಾರದು?"

ಹೊರಗೆ, ಓಣಿಯ ಆ ತುದಿಯಲ್ಲಿ, ತಳ್ಳುಬಂಡಿಯ ಎಣ್ಣೆ ಕಾಣದ ಗಾಲಿ ಕಿರುಗುಟ್ಟಿತು.

ಪರಾತ ಅವಳ ಕೈಗೆ ಹೇಗೆ ಬಂತೋ. ಎರಡು ಮೊಣಕೈಗಳ ಮೇಲೆ ಅದನ್ನು ಅಡ್ಡ ಇಟ್ಟುಕೊಂಡು ಹೊಸ್ತಿಲಿಗೆ ಬಂದು ನಿಂತಳು. ಬೆಳಗಿನ ಬಿಸಿಲಿಗೇ ಓಣಿಯ ಕಲ್ಲು ಬಿಳಿಚಿಕೊಂಡಿತ್ತು. ಮನೆಯಿಂದ ಮನೆಗೆ ಕಟ್ಟಿದ ನೀಲಿ ಕಾಗದದ ಝಂಡಾಗಳು ಗಾಳಿಯಿಲ್ಲದೆ ಜೋತುಬಿದ್ದಿದ್ದವು. ತಾಯಣ್ಣ ಬಂಡಿ ತಳ್ಳುತ್ತಿದ್ದ. ಅನ್ನಮ್ಮ ಡ್ರಮ್ಮಿನ ಪಕ್ಕದಲ್ಲಿ, ಮೊಣಕೈತನಕ ಹಿಟ್ಟು ಮೆತ್ತಿಕೊಂಡು, ಸೇರು ಹಿಡಿದು ನಡೆಯುತ್ತಿದ್ದಳು. ಪ್ರತಿ ಬಾಗಿಲಲ್ಲೂ ಹೆಂಗಸರು ಪರಾತ ಹಿಡಿದು ನಿಂತಿದ್ದರು. ತಾನೂ ಹಾಗೆಯೇ ನಿಂತಿದ್ದೇನೆ. ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯಲಿಕ್ಕಿಲ್ಲ. ಹಾಗಂದುಕೊಂಡ ಮರುಕ್ಷಣವೇ ಇನ್ನೊಂದು ಯೋಚನೆ ಬಂತು: ಹಾಕಿಬಿಟ್ಟರೆ? ನಿಜವಾಗಿ ಒಂದು ಸೇರು ಹಿಟ್ಟು ಈ ಪರಾತದಲ್ಲಿ ಬಿದ್ದುಬಿಟ್ಟರೆ? ಮೂರರಲ್ಲಿ ಒಂದು ತಿರುಗಿತ್ತು, ಅದೂ ಅಂಗೈ ಅಗಲದ್ದು. ಉಳಿದ ಹಿಟ್ಟು ಮತ್ತೆ ಬಾನಿಗೆ ಹೋಗುತ್ತದೆ. ಮತ್ತೆ ಗುಳಿಗಳಲ್ಲಿ ನೀರು. ಬಂಡಿ ನಿಲ್ಲದೆ ಹೋಗಲಿ ಎಂದು ಅವಳು ಬೇಡಿಕೊಂಡಳು. ನಿಲ್ಲಲಿ ಎಂದೂ ಬೇಡಿಕೊಂಡಳು. ಎರಡೂ ಬೇಡಿಕೆಗೆ ಅವಳ ಹತ್ತಿರ ಇದ್ದದ್ದು ಒಂದೇ ಎದೆ.

ಮೂಲೆಮನೆಯ ಮುಂದೆ ಬಂಡಿ ನಿಂತಿತು.

"ಬೀ, ಹೊರಗ ಬಾ," ಎಂದು ಅನ್ನಮ್ಮ ಕೂಗಿದಳು. "ಹೋದ ಸಲ ನಿನ್ನ ರೊಟ್ಟಿ ತಿಂದು ತಾಯಣ್ಣಂದು ಹಲ್ಲು ಮುರೀತಂತ."

ಮುನವ್ವರ್ ಬೀ ಸೊಂಟ ಹಿಡಿದುಕೊಂಡು ಹೊರಬಂದಳು. "ಅರೇ, ಇದ್ದಿದ್ದು ಮುರೀಬೇಕು, ಇಲ್ದಿದ್ದು ಕೈಸಾ ಮುರೀತದ? ಗುಟಕಾ ತಿಂದು ಕಳಕೊಂಡಾನ ಅವನು. ನನ್ನ ರೊಟ್ಟಿ ಮ್ಯಾಲ ಹಾಕಬ್ಯಾಡ."

"ಬಾಯಿ ನೋಡು ಮುದುಕಿದು," ಎಂದು ತಾಯಣ್ಣ ನಕ್ಕ. "ಹಾಕಬೇ ಯಕ್ಕ, ಈಕಿಗೆ ಒಂದು ಹಿಡಿ ಹೆಚ್ಚಿಗಿ ಹಾಕು. ಬಾಯಿ ನಡದಷ್ಟು ಕೈ ನಡೀತಾವೇನು ನೋಡೂಣು."

ಅಂದವನ ಕಣ್ಣು ಪಕ್ಕದ ಹೊಸ್ತಿಲಿಗೆ ಬಿತ್ತು. ಅವನ ನಗು ಬಾಯಲ್ಲೇ ನಿಂತಿತು. ಈ ವರ್ಷ ಅವನಿಗೆ ಗೊತ್ತಿದೆ ಎಂದು ಶಶಿಕಲಾಗೆ ತಿಳಿಯಿತು. ಯಾರೋ ಹೇಳಿದ್ದಾರೆ. ಅವನಿಗೆ ಕೆಟ್ಟದೆನಿಸಿದೆ. ಅಂದು ಆಡಿದ ಮಾತಿಗೆ ವರ್ಷವಿಡೀ ಒಬ್ಬ ಮನುಷ್ಯನಿಗೆ ಕೆಟ್ಟದೆನಿಸಿದೆ, ತನ್ನ ಕೈಗಳಿಂದಾಗಿ. ಅದಕ್ಕೂ ತಾನೇ ತಪ್ಪಿತಸ್ಥಳೆಂಬಂತೆ ಅವಳು ತಲೆ ತಗ್ಗಿಸಿದಳು.

ಮುನವ್ವರ್ ಬೀಯ ಪರಾತಕ್ಕೆ ಹಿಟ್ಟು ಬಿತ್ತು, ಮೆತ್ತಗಿನ ಒಂದು ಧೂಳು ಎದ್ದಿತು. ಬಂಡಿ ಮುಂದೆ ಸರಿಯಿತು. ಅನ್ನಮ್ಮ ಹೊಸ್ತಿಲ ಮೇಲಿದ್ದವಳನ್ನು ದಾಟಿ ಒಳಗಿನ ಕತ್ತಲೆಗೆ ಮಾತಾಡಿದಳು.

"ಮೂಕಮ್ಮತ್ತಿ, ಕಣ್ಣು ಹ್ಯಾಂಗದ ಈಗ?"

"ಅದ ನೋಡವ್ವ, ಮಂಜು ಮಂಜು. ಹನಿ ಹಾಕಾಕತ್ತೀವಿ."

"ಒಲಿ ಕಡಿ ಹೋಗಬ್ಯಾಡ ಮತ್ತ. ಸಕ್ರಿ ಮುಟ್ಯಾದ ನಿಮ್ಮದು. ಭಾರಿ ಅನುಕೂಲ ಆತು, ಪಾಯಸದ ಚಿಂತಿ ಹೋತು."

ಮಾತು ಮುಗಿಯುವ ಮೊದಲೇ ಗಾಲಿ ಉರುಳಿತು. ಬಂಡಿ ನಿಲ್ಲಲಿಲ್ಲ ಅನ್ನುವಂತೆಯೂ ಇಲ್ಲ, ನಿಂತಿತು ಅನ್ನುವಂತೆಯೂ ಇಲ್ಲ. ಡ್ರಮ್ಮಿನ ಬಾಯಿ ಅವಳ ಪರಾತದ ಮುಂದೆ ಹಾದುಹೋಯಿತು. ಹಸಿ ಜೋಳದ ಹಿಟ್ಟಿನ ವಾಸನೆ, ಗಿರಣಿಯ ಬಿಸಿ ಇನ್ನೂ ಆರದ ವಾಸನೆ, ಮೂಗಿಗೆ ಬಂದು ಹೋಯಿತು. ಇಷ್ಟೇ. ಇನ್ನು ಒಳಗೆ ಹೋಗಿ ಪರಾತ ಬೋರಲು ಹಾಕಿದರೆ ಆಯಿತು. ರವಿವಾರ ಮಾತ್ರೆ, ಸೋಮವಾರ ವಾಂತಿ, ಬೆಳಿಗ್ಗೆ ಗೋಡೆಯ ಮೇಲೆ ಬಿಸಿಲು. ಹೀಗೆಯೇ ಬಹಳ ವರ್ಷ ಬದುಕಬಹುದು ಎಂದು ಡಾಕ್ಟರಮ್ಮ ಹೇಳಿದ್ದಳು. ಅದನ್ನು ಹೇಳುವಾಗ ಸಮಾಧಾನದ ಮಾತು ಎಂದುಕೊಂಡೇ ಹೇಳಿದ್ದಳು.

"ಯಕ್ಕಾ."

ತನ್ನದೇ ಧ್ವನಿ ಎಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಿತು. ಗಾಲಿಯ ಸದ್ದಿನಲ್ಲಿ ಅದು ಮುಳುಗಿತೆಂದುಕೊಂಡಳು. ಆದರೆ ಗಾಲಿ ನಿಂತಿತ್ತು. ತಾಯಣ್ಣ ಹಿಂತಿರುಗದೆ, ಬಂಡಿಯ ಹಿಡಿಕೆಯನ್ನು ಹಾಗೆಯೇ ಹಿಡಿದು ನಿಂತಿದ್ದ. ಅನ್ನಮ್ಮ ಹಿಂತಿರುಗಿದ್ದಳು. ಮುಂದಿನ ಮನೆಗಳ ಹೆಂಗಸರು ಬಾಗಿಲಿನಿಂದ ಇಣುಕಿದರು. ಮುನವ್ವರ್ ಬೀ ಹಿಟ್ಟಿನ ಪರಾತವನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಲ್ಲೇ ನಿಂತಳು. ಶಶಿಕಲಾ ಹೊಸ್ತಿಲಿಳಿದು ಬಿಸಿಲಿಗೆ ಬಂದಳು. ಮೊಣಕೈ ಮೇಲಿದ್ದ ಪರಾತವನ್ನು ಕೈಗಳಿಗೆ ತಂದುಕೊಂಡು ಮುಂದೆ ಚಾಚಿದಳು. ಎಲ್ಲರೂ ನೋಡುತ್ತಿದ್ದದ್ದು ಪರಾತವನ್ನಲ್ಲ. ಅದರ ಅಂಚನ್ನು ಹಿಡಿಯಲಾರದೆ ಹಿಡಿದಿದ್ದ, ಒಂದು ಕಡೆಗೆ ವಾಲಿದ ಆ ಬೆರಳುಗಳನ್ನು. ನೋಡಲಿ ಎಂದು ಅವಳು ಅವನ್ನು ಹಾಗೆಯೇ ಬಿಟ್ಟಳು.

"ಶಶೀ, ಒಳಗ ಬಾ ಬೇ," ಅಂದಳು ಒಳಗಿನಿಂದ ಅವ್ವ, ಮೆತ್ತಗೆ.

ಅನ್ನಮ್ಮನ ಕೈಯಲ್ಲಿದ್ದ ಸೇರಿನ ಅಂಚಿನಿಂದ ಹಿಟ್ಟು ಸಣ್ಣಗೆ ಉದುರುತ್ತಿತ್ತು. ಅವಳು ತಾಯಣ್ಣನ ಬೆನ್ನು ನೋಡಿದಳು, ಮುನವ್ವರ್ ಬೀಯ ಮುಖ ನೋಡಿದಳು, ಡ್ರಮ್ಮಿನೊಳಗೆ ನೋಡಿದಳು.

"ಯಕ್ಕಾ," ಅಂದಳು ಶಶಿಕಲಾ, "ನಮ್ಮ ಮನಿಗೂ ಒಂದು ಸೇರು ಹಿಟ್ಟು ಹಾಕ್ರಿ."